ವಾಲಿಯ ಎದುರು ಕೂತು

ಸಾಲ ತೆಗೆದುಕೊಂಡವರು ಕೊಟ್ಟವರನ್ನು ಕಂಡರೆ ದಾರಿ ಬದಲಿಸುತ್ತಾರೆ ಎನ್ನುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ನನಗಂತೂ ಅದು ಹೊಟ್ಟೆಪಾಡಿನ ಸಂಗತಿ. ಶಿರಸಿ ಸೀಮೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಬೆಳೆಸಾಲದ ಲೆಕ್ಕ ನೋಡಿಕೊಳ್ಳುವವನು ನಾನು. ಮಾರ್ಚ್ ಹತ್ತಿರ ಬಂದಂತೆ ಯಾರು ಸೊಸೈಟಿ ಎದುರಿನ ಡಾಂಬರು ರಸ್ತೆ ಬಿಟ್ಟು ಹೊಳೆಬದಿಯ ಕಾಲುದಾರಿ ಹಿಡಿಯುತ್ತಾರೆ, ಯಾರ ಫೋನು ದಿಢೀರನೆ ವ್ಯಾಪ್ತಿ ಪ್ರದೇಶದ ಹೊರಗೆ ಹೋಗುತ್ತದೆ, ಮದುವೆಮನೆಯಲ್ಲಿ ಯಾರು ನನ್ನ ತಲೆ ಕಂಡೊಡನೆ ಮೊದಲ ಪಂಕ್ತಿಗೇ ಕೂತು ಉಂಡು ಹೊರಟುಬಿಡುತ್ತಾರೆ, ಎಲ್ಲವೂ ನನಗೆ ತಿಳಿಯುತ್ತದೆ. ಆದರೆ ಕಾದಂಬರಿಯ ಹಸ್ತಪ್ರತಿ ತೆಗೆದುಕೊಂಡವರೂ ಇದನ್ನೇ ಮಾಡುತ್ತಾರೆ ಎಂಬುದು ಮಾತ್ರ, ಕಾದಂಬರಿ ಬರೆದು ಮುಗಿಸಿ ಅದನ್ನು ನಾಲ್ಕು ಜನರ ಕೈಗೆ ಕೊಡುವತನಕ ನನಗೆ ತಿಳಿದಿರಲಿಲ್ಲ.

ನನ್ನ ಗೆಳೆಯನೊಬ್ಬನಿದ್ದಾನೆ. ಸಣ್ಣ ತೋಟ, ದೊಡ್ಡ ಮನಸ್ಸು. ಅವನ ಮೇಲೆ ನಮ್ಮ ಸೊಸೈಟಿಯ ಬೆಳೆಸಾಲವೂ ಇತ್ತು, ನನ್ನ ಹಸ್ತಪ್ರತಿಯೂ ಇತ್ತು. ಸಾಲದ ವಿಷಯದಲ್ಲಿ ಅವನು ಯಾವತ್ತಿಗೂ ಮಾರ್ಚ್ 31ರ ಸಂಜೆಯ ಗಿರಾಕಿ. ನಾವು ಬಾಗಿಲು ಎಳೆಯುವ ಹೊತ್ತಿಗೆ ಸೈಕಲ್ಲಿಳಿಯುವವನು. ಅಂಥವನು ಆ ವರ್ಷ ಫೆಬ್ರವರಿಯಲ್ಲೇ ಮಗನ ಕೈಯಲ್ಲಿ ದುಡ್ಡು ಕಳಿಸಿದ. ಅಸಲು, ಬಡ್ಡಿ ಎಲ್ಲ ಚುಕ್ತಾ. ನಮ್ಮ ಅಧ್ಯಕ್ಷರು ರಸೀದಿ ನೋಡಿ, ‘ಸದಸ್ಯ ಅಂದ್ರೆ ಹಿಂಗಿರವು ನೋಡು’ ಎಂದು ಹೊಗಳಿದರು. ನನಗೆ ಒಳಗುಟ್ಟು ಹೊಳೆಯಿತು. ಸಾಲ ತೀರಿಸಲು ಬಂದರೆ ನನ್ನ ಮುಖ ನೋಡಬೇಕು, ಮುಖ ನೋಡಿದರೆ ಕಾದಂಬರಿಯ ಮಾತು ಬರುತ್ತದೆ. ಅದಕ್ಕೇ ಈ ಶಿಸ್ತು.

ಆ ವರ್ಷ ಮಾರಿಕಾಂಬಾ ಜಾತ್ರೆಯೂ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಎಂದಮೇಲೆ ಇಡೀ ಸೀಮೆ ಅಲ್ಲಿರುತ್ತದೆ; ತಪ್ಪಿಸಿಕೊಳ್ಳಲು ಜಾಗವಿಲ್ಲ. ಬಳೆ ಅಂಗಡಿಯ ಸಾಲು ದಾಟುವಾಗ ಗೆಳೆಯ ಎದುರಾದ. ಎದುರಾದವನು ಹಾಗೇ ಪಕ್ಕಕ್ಕೆ ಸರಿದು ಟಿಕೆಟ್ ತೆಗೆಸಿ ದೊಡ್ಡ ತೊಟ್ಟಿಲು ಹತ್ತಿಬಿಟ್ಟ. ಕೊನೆ ಕೊಯ್ಯುವಾಗ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೂ ಕಣ್ಣುಕತ್ತಲೆ ಬರುವ ಮನುಷ್ಯ ಅವನು. ನಾನು ಕೆಳಗೇ ನಿಂತೆ. ತೊಟ್ಟಿಲು ಎಷ್ಟು ಸುತ್ತಿದರೂ ಒಮ್ಮೆ ಇಳಿಸಲೇಬೇಕಲ್ಲ. ಇಳಿದ ಮೇಲೆ ಅವನ ಮುಖದ ಬಣ್ಣ ನೋಡಿ ನನಗೆ ಏನೂ ಕೇಳುವ ಮನಸ್ಸಾಗಲಿಲ್ಲ. ಲಿಂಬು ಸೋಡಾ ಕೊಡಿಸಿದೆ. ಇಬ್ಬರೂ ಅಡಿಕೆಯ ಧಾರಣೆಯ ಬಗ್ಗೆ ಮಾತಾಡಿದೆವು.

ಪ್ರತಿ ಕೊಡುವಾಗ ನಾನು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: ‘ಮುಲಾಜಿಲ್ಲದೆ ಹೇಳಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂದುಬಿಡಿ.’ ಹೀಗೆ ಹೇಳುವಾಗ ಮುಖದ ಮೇಲೆ ಸ್ವಲ್ಪ ವೈರಾಗ್ಯವನ್ನೂ ತಂದುಕೊಳ್ಳುತ್ತಿದ್ದೆ. ಒಳಗಿನ ಲೆಕ್ಕ ಬೇರೆ. ನನಗೆ ಬೇಕಾಗಿದ್ದದ್ದು ಹೊಗಳಿಕೆಯೇ. ಅದು ಮುಲಾಜಿಗೆ ಬಂದ ಹೊಗಳಿಕೆಯಲ್ಲ ಎಂಬ ಖಾತರಿಯೂ ಅದರ ಜೊತೆಗೇ ಬೇಕಾಗಿತ್ತು. ಇಷ್ಟನ್ನು ಬಾಯಿಬಿಟ್ಟು ಕೇಳುವುದಕ್ಕಾಗುವುದಿಲ್ಲ ಎಂದು ‘ಮುಲಾಜಿಲ್ಲದೆ’ ಎಂಬ ಮಾತನ್ನು ಮುಂದಿಡುತ್ತಿದ್ದೆ. ಕೇಳಿಸಿಕೊಂಡವರೂ ಸಂಸಾರಸ್ಥರೇ, ಅವರಿಗೆ ಇದು ಅರ್ಥವಾಗದೇ ಇರುತ್ತದೆಯೇ?

ನಮ್ಮಲ್ಲಿ ಬಹುತೇಕ ಪ್ರಕಾಶಕರ ಬಳಿ ಕರಡು ತಿದ್ದುವವರು ಇರುತ್ತಾರೆ. ‘ಈ ಅಧ್ಯಾಯ ತೆಗೆದುಬಿಡಿ’ ಎಂದು ಹೇಳುವವರು ಇರುವುದು ಅಪರೂಪ. ಆ ಕೆಲಸ ಬರೆದವನ ನೆಂಟರಿಷ್ಟರ ತಲೆಗೆ ಬೀಳುತ್ತದೆ. ನೆಂಟರಿಷ್ಟರೆಂದರೆ ಮುಂದಿನ ವಾರ ನಮ್ಮ ಮನೆಯ ಸತ್ಯನಾರಾಯಣ ಕಥೆಗೆ ಬರಬೇಕಾದವರು. ಅವರು ತಾನೇ ಏನು ಹೇಳಿಯಾರು? ‘ಅಡ್ಡಿಲ್ಲೆ’ ಅಂದರು. ನಮ್ಮ ಮನೆಮಾತಿನಲ್ಲಿ ಹೊಸ ಸೊಸೆಗೂ ಅಡ್ಡಿಲ್ಲೆ, ನಿನ್ನೆಯ ಸಾರಿಗೂ ಅಡ್ಡಿಲ್ಲೆ. ಕಾಗದ ಒಳ್ಳೆಯದು ಹಾಕಿಸಿದ್ದೀಯ ಎಂದರು ಒಬ್ಬರು. ಅಕ್ಷರ ದೊಡ್ಡದಿದ್ದದ್ದರಿಂದ ಕನ್ನಡಕವಿಲ್ಲದೆ ಓದಲಾಯಿತು ಎಂದರು ಮತ್ತೊಬ್ಬರು. ನಮ್ಮ ಆಯಿ ಸ್ಪೈರಲ್ ಬೈಂಡಿಂಗಿನ ದಪ್ಪವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅಳೆದು ನೋಡಿ, ‘ಇಷ್ಟೆಲ್ಲ ಬರದ್ರೆ ಕೈ ನೋಯ್ತಿಲ್ಯನ ತಮಾ?’ ಎಂದು ಕೇಳಿತು. ಇಡೀ ಬಳಗದಲ್ಲಿ ಬರೆಯುವ ಶ್ರಮದ ಬಗ್ಗೆ ವಿಚಾರಿಸಿದ್ದು ಅದೊಂದೇ ಜೀವ.

ನಿವೃತ್ತ ಪ್ರಾಧ್ಯಾಪಕರೊಬ್ಬರಿಗೂ ಒಂದು ಪ್ರತಿ ಕೊಟ್ಟಿದ್ದೆ. ಅವರು ಬಹಳ ಬೇಗ ಹಿಂದಿರುಗಿಸಿದರು. ಜೊತೆಗೆ ಮುತ್ತಿನಂಥ ಅಕ್ಷರದಲ್ಲಿ ಎರಡು ಹಾಳೆ. ಮಲೆನಾಡಿನ ಬದುಕಿನ ಪಲ್ಲಟಗಳನ್ನು ಒಳಗಣ್ಣಿನಿಂದ ಕಂಡಿರುವ ಈ ಲೇಖಕರಿಂದ ಇನ್ನಷ್ಟು ನಿರೀಕ್ಷಿಸಬಹುದು ಎಂದೆಲ್ಲ ಅದರಲ್ಲಿತ್ತು. ಮೊದಲ ಸಲ ಓದಿದಾಗ ಎದೆ ಉಬ್ಬಿತು. ಎರಡನೆಯ ಸಲ ಓದುವಾಗ ಗಮನಕ್ಕೆ ಬಂತು: ಎರಡು ಹಾಳೆಯಲ್ಲಿ ಎಲ್ಲಿಯೂ ನನ್ನ ಪಾತ್ರಗಳ ಹೆಸರಿಲ್ಲ, ಊರಿನ ಹೆಸರಿಲ್ಲ, ನಡೆದ ಒಂದು ಘಟನೆಯಿಲ್ಲ. ಮಲೆನಾಡು ಎಂಬಲ್ಲಿ ಕರಾವಳಿ ಎಂದು ತಿದ್ದಿದರೆ ಯಾವ ಕಾದಂಬರಿಗೂ ಅದು ಹೊಂದುತ್ತದೆ. ಪಾಪ, ನಾನು ಅಭಿಪ್ರಾಯ ಕೇಳಿದ್ದನ್ನು ಅವರು ಮುನ್ನುಡಿ ಕೇಳಿದ್ದು ಎಂದು ತಿಳಿದಿದ್ದರು. ಅಥವಾ ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಸರಿಯಾಗಿಯೇ ತಿಳಿದಿತ್ತು.

ಈ ಓದುಗರ ಜಾತಿಗಳನ್ನು ನಮ್ಮ ಹಿರಿಯರು ಎಂದೋ ವಿಂಗಡಿಸಿಟ್ಟಿದ್ದಾರೆ. ಸುಮಾರು 1100 ವರ್ಷಗಳ ಹಿಂದೆ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕಾವ್ಯವನ್ನು ಪರೀಕ್ಷಿಸುವವರಲ್ಲಿ ನಾಲ್ಕು ಬಗೆ ಹೇಳುತ್ತಾನೆ. ಅರೋಚಕಿಗೆ ಏನು ಬಡಿಸಿದರೂ ರುಚಿಸುವುದಿಲ್ಲ. ಸತೃಣಾಭ್ಯವಹಾರಿ ಎಲೆಗೆ ಬಿದ್ದದ್ದನ್ನೆಲ್ಲ ಹುಲ್ಲುಕಡ್ಡಿಯ ಸಮೇತ ನುಂಗುತ್ತಾನೆ. ಮತ್ಸರಿಗೆ ರುಚಿ ತಿಳಿಯುತ್ತದೆ, ಹೇಳಲು ಮಾತ್ರ ಬಾಯಿ ಬರುವುದಿಲ್ಲ. ತತ್ತ್ವಾಭಿನಿವೇಶಿ ತಿರುಳನ್ನು ಹಿಡಿಯುವವನು; ಅಂಥವನು ಸಾವಿರದಲ್ಲಿ ಒಬ್ಬ ಸಿಕ್ಕರೆ ಸಿಕ್ಕ. ನಾನು ಈ ಪಟ್ಟಿ ಹಿಡಿದು ನನ್ನ ಓದುಗರನ್ನು ಹಂಚುತ್ತ ಕೂತೆ. ಹೊಗಳಿದವರೆಲ್ಲ ತತ್ತ್ವಾಭಿನಿವೇಶಿಗಳ ಖಾತೆಗೆ, ಮೌನವಾಗಿದ್ದವರು ಮತ್ಸರಿಗಳ ಖಾತೆಗೆ, ತೆಗಳಿದವರು ಅರೋಚಕಿಗಳ ಖಾತೆಗೆ ಜಮೆಯಾದರು. ಸಾವಿರಕ್ಕೊಬ್ಬ ಎಂದು ಆತ ಹೇಳಿದ್ದರೆ ನಮ್ಮ ಒಂದೇ ಕೇರಿಯಲ್ಲಿ ಆರೇಳು ಜನ ಸಿಕ್ಕಿದ್ದು ನೋಡಿ ನನಗೇ ಅನುಮಾನ ಬಂದು ಲೆಕ್ಕ ನಿಲ್ಲಿಸಿದೆ.

ಆ ಪಟ್ಟಿಯ ಯಾವ ಖಾತೆಗೂ ಹೋಗದವಳು ಶಿರಸಿ ಪೇಟೆಯ ಡಿಟಿಪಿ ಅಂಗಡಿಯ ಹುಡುಗಿ. ನನ್ನ ಕೈಬರಹವನ್ನು ಕುಟ್ಟಿ ಕೊಟ್ಟವಳು ಅವಳು. ಹಾಗೆ ನೋಡಿದರೆ ನನ್ನ ಮೊದಲ ಓದುಗಳೂ ಅವಳೇ. ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ ಬ್ಯಾನರುಗಳ ನಡುವೆ ಬಿಡುವಾದಾಗ ಒಂದೊಂದು ಅಧ್ಯಾಯ ಮುಗಿಸುತ್ತಿದ್ದಳು. ಒಂದು ದಿನ ನಾನು ಹೋದಾಗ ಪರದೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು: ‘ಸರ್, ಇಪ್ಪತ್ತೊಂದನೇ ಅಧ್ಯಾಯದಲ್ಲಿ ಅಜ್ಜಿ ತೀರಿಕೊಂಡ್ರಲ್ಲ, ಇಪ್ಪತ್ತಾರರಲ್ಲಿ ಕಷಾಯ ಮಾಡ್ತಿದ್ದಾರೆ. ಹಾಗೇ ಇಡ್ಲಾ?’

ಸತ್ತವರು ಯಾರು, ಇದ್ದವರು ಯಾರು ಎಂಬ ವಿಷಯದಲ್ಲಿ ಶ್ರದ್ಧಾಂಜಲಿ ಬ್ಯಾನರು ಮಾಡುವವರಿಗೆ ಇರುವ ಎಚ್ಚರ ಕಾದಂಬರಿಕಾರನಿಗೆ ಇರಬೇಕೆಂದೇನೂ ಇಲ್ಲ. ಆದರೆ ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಕಾದಂಬರಿಯಲ್ಲಿ ಕಾಲ ಎಂಬುದು ಗಡಿಯಾರದ ಹಾಗೆ ಮುಂದಕ್ಕೇ ಹೋಗಬೇಕಾಗಿಲ್ಲ, ಅದು ನೆನಪಿನ ಪ್ರವಾಹ, ಮನೆಯ ಹಿರಿಯರು ತೀರಿಕೊಂಡರೂ ಅಡುಗೆಮನೆಯಲ್ಲಿ ಉಳಿದಿರುತ್ತಾರೆ, ಲ್ಯಾಟಿನ್ ಅಮೆರಿಕದ ಲೇಖಕರು ಇದನ್ನೆಲ್ಲ ಬಹಳ ಚೆನ್ನಾಗಿ ಬಳಸಿದ್ದಾರೆ ಎಂದು ನಿಂತಲ್ಲೇ ಒಂದು ಉಪನ್ಯಾಸ ಕೊಟ್ಟೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ‘ಹಾಗಾದ್ರೆ ಸರಿ ಸರ್. ಆದ್ರೆ ಮುಂದಿನ ಪುಟದಲ್ಲಿ ಆ ಕಷಾಯ ಸುಮಿತ್ರೆ ಕುಡೀತಾಳೆ, ಬಿಸಿ ಅಂತ ಊದಿಕೊಂಡು.’ ಇಷ್ಟು ಹೇಳಿ ಲೋಟ ಬಂದ ಸಾಲನ್ನು ಪರದೆಯ ಮೇಲೆ ಹಳದಿ ಮಾಡಿ ತೋರಿಸಿದಳು. ನಾನು ಅದಕ್ಕೂ ಏನೋ ಸಮಜಾಯಿಷಿ ಹೇಳಿದೆ. ಹೇಳಿ ಗೆದ್ದೂ ಗೆದ್ದೆ. ಹೊರಗೆ ಬಂದಾಗ ಗೆದ್ದವನಿಗಿರುವ ಸುಖ ಮಾತ್ರ ಯಾಕೋ ಇರಲಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ತೀರುವ ಈ ಚಟ ನನಗೆ ಬಂದದ್ದು ಅಪ್ಪಚ್ಚಿಯಿಂದ. ಅಪ್ಪಚ್ಚಿ ನಮ್ಮ ಕಡೆಯ ತಾಳಮದ್ದಲೆಯ ಅರ್ಥಧಾರಿ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಆಮೇಲೆ ಎದುರುಬದುರು ಕೂತ ಇಬ್ಬರು ಆ ಪದ್ಯದ ಎಳೆ ಹಿಡಿದು ಮಾತಿಗಿಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಕೇಳಿದ್ದಕ್ಕೆ ಆ ಗಳಿಗೆಯಲ್ಲೇ ಉತ್ತರ ಹುಟ್ಟಬೇಕು. ಹುಟ್ಟದಿದ್ದರೆ ಚಾಪೆಯ ಮೇಲೆ ಕೂತ ನೂರು ಜನರ ಎದುರು ದೇವರ ಪಾತ್ರಧಾರಿಯಾದರೂ ಬೆವರಬೇಕು. ಅಪ್ಪಚ್ಚಿಯ ಹೆಸರಾಂತ ಅರ್ಥ ವಾಲಿಯದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದ ತಲೆಮಾರು ಅದು. ಬಾಣ ತಾಗಿ ಬಿದ್ದಲ್ಲಿಂದ ವಾಲಿ ಶುರುಮಾಡುತ್ತಾನೆ: ನಿನಗೂ ನನಗೂ ಏನು ವೈರ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಹೆಂಡತಿಯನ್ನು ಹುಡುಕಿಕೊಡು ಎಂದು ನನ್ನನ್ನೇ ಕೇಳಿದ್ದರೆ ರಾವಣನ ಕೊರಳಿಗೆ ಹಗ್ಗ ಹಾಕಿ ಎಳೆತರುತ್ತಿರಲಿಲ್ಲವೇ?

ಒಮ್ಮೆ ಅಪ್ಪಚ್ಚಿಯ ವಾಲಿಗೆ ರಾಮ ನಾನೇ ಆಗಿದ್ದೆ. ಬರಬೇಕಾಗಿದ್ದ ರಾಮ ಬಸ್ಸು ತಪ್ಪಿಸಿಕೊಂಡಿದ್ದ. ನಾನು ಬಹಳ ಓದಿಕೊಂಡವನೆಂಬ ಪ್ರತೀತಿಯಿದ್ದದ್ದರಿಂದ ನನ್ನನ್ನು ಎಬ್ಬಿಸಿ ಕೂರಿಸಿದರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ ಎಂದೆ. ಈ ನೆಲ ಇಕ್ಷ್ವಾಕುಗಳದ್ದು, ಭರತನ ಪರವಾಗಿ ಧರ್ಮ ಕಾಯುವ ಅಧಿಕಾರ ನನ್ನದು ಎಂದೆ. ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ಕ್ಷತ್ರಿಯರಿಗೆ ದೋಷವಲ್ಲ ಎಂದೆ. ಚಪ್ಪಾಳೆ ಬಿತ್ತು. ಮಂಗಳ ಹಾಡಿ, ಚಾ ಅವಲಕ್ಕಿ ಮುಗಿಸಿ, ಬ್ಯಾಟರಿ ಬಿಡುತ್ತ ಗದ್ದೆಯ ಹಾಳಿಯ ಮೇಲೆ ಮನೆಕಡೆ ಹೊರಟಾಗ ನನ್ನ ಮುಂದೆ ಹೋಗುತ್ತಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು: ‘ರಾಮ ಹೇಳಿದ್ದು ಅಡ್ಡಿಲ್ಲೆ. ಆದ್ರೂ ವಾಲಿ ಕೇಳಿದ್ದು ಹೌದೇ ಹೌದು.’

ರಾಮನ ಉತ್ತರ ಎಷ್ಟು ಗಟ್ಟಿಯಿದ್ದರೂ ಜನ ಮನೆಗೆ ಒಯ್ಯುವುದು ವಾಲಿಯ ಪ್ರಶ್ನೆಯನ್ನೇ. ಅಂದು ಕತ್ತಲಲ್ಲಿ ಅದನ್ನು ಕೇಳಿಸಿಕೊಂಡೂ ನಾನು ಬುದ್ಧಿ ಕಲಿಯಲಿಲ್ಲ. ಕಲಿಸಲು ಮನೆಯಲ್ಲಿ ಬೇರೆ ವ್ಯವಸ್ಥೆಯಿತ್ತು.

ನನ್ನ ಕಾದಂಬರಿ ಮಳೆಯಿಂದ ಶುರುವಾಗುತ್ತದೆ. ಮಲೆನಾಡಿನ ಕಾದಂಬರಿ ಇನ್ಯಾವುದರಿಂದ ಶುರುವಾಗಬೇಕು? ಹಂಚಿನ ಮೇಲೆ ಮಳೆ, ಅಡಿಕೆ ಸೋಗೆಯ ಮೇಲೆ ಮಳೆ, ಕಂಬಳಿಕೊಪ್ಪೆಯ ಮೇಲೆ ಮಳೆ, ನಾಯಕ ಶ್ರೀಪತಿಯ ಮನಸ್ಸಿನೊಳಗೆ ಮಳೆ. ಹೀಗೆ ಪುಟಗಟ್ಟಲೆ. ನನ್ನ ಹೆಂಡತಿ ಅಡುಗೆಮನೆಯ ಕಟ್ಟೆಯ ಮೇಲೆ ಪ್ರತಿ ಇಟ್ಟುಕೊಂಡು, ಒಂದು ಕೈಯಲ್ಲಿ ಸಾರಿನ ಸೌಟು ಆಡಿಸುತ್ತ ಓದುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: ‘ಇದ್ರಲ್ಲಿ ಮಳೆ ಯಾವಾಗ ಬಿಡ್ತು?’

ಮಳೆ ಇಲ್ಲಿ ಬರೀ ಹವೆಯಲ್ಲ, ಅದೂ ಒಂದು ಪಾತ್ರ ಎಂದೆ.

‘ಪಾತ್ರ ಆದ್ರೆ ಏನಾದ್ರೂ ಮಾಡವು. ಇದು ಬರೀ ಬತ್ತು.’

ನಾನು ಮಳೆಯ ಸಾಂಕೇತಿಕತೆಯ ಬಗ್ಗೆ ಶುರುಮಾಡಿದೆ. ಅವಳು ಒಲೆ ಸಣ್ಣ ಮಾಡಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ನೀವು ಹೇಳಿದ್ಮೇಲೆ ಚಂದ ಕಾಣ್ತು. ಪುಸ್ತಕ ತಗಂಡವರ ಮನೆಗೆಲ್ಲ ನೀವೂ ಜೊತೆಗೆ ಹೋಗ್ತ್ರಾ?’ ಎಂದಳು.

ವಿಮರ್ಶೆಯ ಎಷ್ಟೋ ಪುಸ್ತಕ ನನ್ನ ಕಪಾಟಿನಲ್ಲಿವೆ. ಇಷ್ಟು ನೇರವಾಗಿ ಇದನ್ನು ಹೇಳಿದ್ದನ್ನು ನಾನು ಕಂಡಿಲ್ಲ. ತಾಳಮದ್ದಲೆಯಲ್ಲಿ ರಾಮನಿಗೆ ಬಾಯಿದೆ, ಪುಸ್ತಕಕ್ಕೆ ಇಲ್ಲ. ಅಂಗಡಿಯಿಂದ ಮನೆಗೆ ಹೋದ ಮೇಲೆ ಅದು ಒಂಟಿ. ಹುಬ್ಬಳ್ಳಿಯಲ್ಲಿಯೋ ಕೋಲಾರದಲ್ಲಿಯೋ ಯಾರೋ ಒಬ್ಬರು ರಾತ್ರಿ ಉಂಡು ಮಲಗುವ ಮುಂಚೆ ನನ್ನ ಮಳೆಯೊಳಗೆ ಸಿಕ್ಕಿಕೊಂಡು ಆಕಳಿಸಿದಾಗ, ‘ಸ್ವಾಮೀ, ಇದು ಸಾಂಕೇತಿಕ’ ಎಂದು ಅವರ ಭುಜ ತಟ್ಟಲು ನಾನು ಅಲ್ಲಿರುವುದಿಲ್ಲ.

ಸೋಲನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದೆ ಅವಳಿಗೆ ಫ್ಲಾಬೇರನ ಕತೆ ಹೇಳಿದೆ. 1849ರಲ್ಲಿ ಆತ ‘ಸಂತ ಆಂಟನಿಯ ಪ್ರಲೋಭನೆ’ ಎಂಬ ಕೃತಿಯನ್ನು ಬರೆದು ಮುಗಿಸಿ, ಬೂಯಿಯೇ ಮತ್ತು ದ್ಯು ಕಾಂ ಎಂಬ ಇಬ್ಬರು ಗೆಳೆಯರನ್ನು ಮನೆಗೆ ಕರೆಸಿದ. ಪೂರ್ತಿ ಮುಗಿಯುವತನಕ ಒಂದು ಮಾತೂ ಆಡಕೂಡದು ಎಂಬ ಷರತ್ತು. ದಿನಕ್ಕೆ 8 ಗಂಟೆಯಂತೆ 4 ದಿನ, ಒಟ್ಟು 32 ಗಂಟೆ ಗಟ್ಟಿಯಾಗಿ ಓದಿದ. ಮುಗಿದ ಮೇಲೆ ಗೆಳೆಯರು ಕೊಟ್ಟ ತೀರ್ಪು: ಇದನ್ನು ಬೆಂಕಿಗೆ ಹಾಕು, ಮತ್ತೆ ಈ ಮಾತು ಎತ್ತಬೇಡ. ಹೀಗೆಂದು ದ್ಯು ಕಾಂ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸಾಮಾನ್ಯ ಜನರ ಬದುಕಿನ ವಸ್ತುವೊಂದನ್ನು ಹಿಡಿ ಎಂದೂ ಅವರು ಹೇಳಿದರಂತೆ. ಎರಡು ವರ್ಷದ ಮೇಲೆ ಫ್ಲಾಬೇರ್ ಒಬ್ಬ ಹಳ್ಳಿ ವೈದ್ಯನ ಹೆಂಡತಿಯ ಕತೆ ಬರೆಯಲು ಕೂತ. ಅದೇ ‘ಮದಾಂ ಬೋವರಿ’. ಮಜಾ ಎಂದರೆ ಆತ ಸಂತ ಆಂಟನಿಯನ್ನು ಬೆಂಕಿಗೂ ಹಾಕಲಿಲ್ಲ. ತಿದ್ದಿ ತಿದ್ದಿ 1874ರಲ್ಲಿ ಅಚ್ಚು ಹಾಕಿಸಿದ. ಗೆಳೆಯರ ಮಾತು ಕೇಳಿಯೂ ಕೇಳಿದ, ಬಿಟ್ಟೂ ಬಿಟ್ಟ.

ಇಷ್ಟು ಹೇಳಿ, ಈಗೇನು ಹೇಳುತ್ತಾಳೋ ಎಂದು ನೋಡಿದೆ. ‘32 ಗಂಟೆ ಓದಿದ್ನಾ? ಅಷ್ಟೂ ದಿನ ಆ ಗೆಳೆಯರಿಗೆ ಚಾ, ತಿಂಡಿ ಯಾರು ಮಾಡಿಕೊಟ್ರು?’ ಎಂದು ಕೇಳಿದಳು. ಫ್ಲಾಬೇರನ ಮೇಲೆ ಸಂಶೋಧನೆ ಮಾಡಿದವರು ಇದನ್ನು ವಿಚಾರಿಸಿದ್ದಾರೋ ಇಲ್ಲವೋ.

ಅಷ್ಟು ದೂರದ ಕತೆ ಬೇಡವೆಂದು ಮೈಸೂರಿನ ಆರ್.ಕೆ. ನಾರಾಯಣರ ಕತೆ ತೆಗೆದೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ಬೇಸರ ಬಂದಾಗ, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಅವರು ಬರೆದರು: ಇದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು. ಗೆಳೆಯ ಮುಳುಗಿಸಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಮೆಚ್ಚಿ ಪ್ರಕಾಶಕರನ್ನು ಹುಡುಕಿ, 1935ರಲ್ಲಿ ಪುಸ್ತಕ ಹೊರಬಂತು. ಹೊತ್ತಿಗೆಯ ಹೆಸರನ್ನೂ, ನಾರಾಯಣಸ್ವಾಮಿ ಎಂಬ ಲೇಖಕರ ಹೆಸರನ್ನೂ ಗ್ರೀನ್ ಸಲಹೆಯಂತೆ ತಿದ್ದಿಕೊಂಡಿದ್ದಾಯಿತು. ತನ್ನ ಹೆಸರಿನ ಬಾಲವನ್ನೇ ಇನ್ನೊಬ್ಬರು ಕತ್ತರಿಸಿದಾಗ ಒಪ್ಪಿಕೊಂಡವರ ಎದುರು ನನ್ನ ಮಳೆ ಯಾವ ಲೆಕ್ಕ ಎಂದು ನನಗೇ ಅನ್ನಿಸಿತಾದರೂ, ಬಾಯಿಗೆ ಬಂದದ್ದು ಬೇರೆ: ‘ನಾನೂ ಹಾಗೇ ಕಲ್ಲು ಕಟ್ಟಿ ಹೊಳೆಗೆ ಹಾಕಿಬಿಡ್ತೆ.’ ಆಗ ಏಪ್ರಿಲ್ ಕೊನೆ. ಹೆಂಡತಿ ಕಿಟಕಿಯಿಂದ ಹೊಳೆಯ ಕಡೆ ನೋಡಿ, ‘ಪಾದ ಮುಳುಗುವಷ್ಟೂ ನೀರಿಲ್ಲೆ. ಮಳೆಗಾಲದವರೆಗೆ ಕಾಯವು’ ಎಂದಳು.

ಅಪ್ಪಚ್ಚಿಗೆ ಕೊಟ್ಟ ಪ್ರತಿ ಹಿಂದೆ ಬಂದದ್ದು ಆ ದಿನಗಳಲ್ಲಿಯೇ. ಜೊತೆಗೆ ಒಂದು ಮಾತಿಲ್ಲ. ತೋಟದ ಆಳಿನ ಕೈಯಲ್ಲಿ, ಬಾಳೆಕೊನೆಯ ಸಂಗಡ ಚೀಲದಲ್ಲಿ ಬಂದಿತ್ತು. ನಾನು ಜಗುಲಿಯಲ್ಲಿ ಕೂತು ಪುಟ ಮಗುಚಿದೆ. ಪೆನ್ನಿನ ಗುರುತಿಲ್ಲ, ಪೆನ್ಸಿಲ್ಲಿನ ಗೆರೆಯಿಲ್ಲ. ಆದರೆ ಪುಟದ ಬಲತುದಿಯಲ್ಲಿ ಬೆರಳಿನ ಸುಣ್ಣದ ಗುರುತಿತ್ತು. ಅಪ್ಪಚ್ಚಿಗೆ ಕವಳದ ಅಭ್ಯಾಸ. ವೀಳ್ಯದೆಲೆಗೆ ಸುಣ್ಣ ಸವರಿದ ಬೆರಳಿನಲ್ಲೇ ಹಾಳೆ ತಿರುವಿದ್ದರಿಂದ ಅಲ್ಲಲ್ಲಿ ಬಿಳಿಯ ಅರ್ಧಚಂದ್ರಗಳು ಮೂಡಿ, ಒಣಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿದ್ದವು. ಅವನ್ನೇ ಓದುತ್ತ ಹೋದೆ. ಮಳೆಯ ಪುಟಗಳಲ್ಲಿ ಪುಟಕ್ಕೊಂದು ಗುರುತು. ಶ್ರೀಪತಿ ಬೆಂಗಳೂರಿನ ಬಸ್ಸಿನಲ್ಲಿ ಕೂತು ಬದುಕಿನ ಅರ್ಥ ಯೋಚಿಸುವ ಅಧ್ಯಾಯದಲ್ಲಿ ಗುರುತುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಆ ರಾತ್ರಿ ಮನೆಯ ಎಲೆಬಳ್ಳಿ ಬೋಳಾಗಿರಬೇಕು. ಬೇಸರಕ್ಕೆ ಹಾಕಿದ ಕವಳವೋ ಸಂತೋಷಕ್ಕೋ ಎಂದು ಗುರುತು ಹೇಳುವುದಿಲ್ಲ. ನಡುವೆ ಒಂದು ಕಡೆ ಇಡೀ ಅಧ್ಯಾಯಕ್ಕೆ ಅಧ್ಯಾಯವೇ ಚೊಕ್ಕಟವಾಗಿತ್ತು. ಒಂದೇ ಒಂದು ಸುಣ್ಣದ ಕಲೆಯಿಲ್ಲ.

ಅದು ಸಾಲ ವಸೂಲಿಯ ಅಧ್ಯಾಯ. ಸೊಸೈಟಿಯ ಗುಮಾಸ್ತನೊಬ್ಬ ವಿಧವೆಯೊಬ್ಬಳ ಮನೆಗೆ ಬಾಕಿ ಕೇಳಲು ಹೋಗುತ್ತಾನೆ. ಆಕೆ ಸಾಲದ ಮಾತಿಗೆ ಅವಕಾಶವನ್ನೇ ಕೊಡದೆ ಕೈಕಾಲಿಗೆ ನೀರು ಕೊಟ್ಟು, ಎಲೆ ಹಾಕಿ, ಬಡಿಸುತ್ತಲೇ ಹೋಗುತ್ತಾಳೆ. ತಂಬುಳಿ ಹೊಯ್ದ ಅನ್ನ ಉಂಡ ಮೇಲೆ ಬಾಕಿ ಕೇಳಲು ಅವನಿಗೆ ಬಾಯಿ ಬರುವುದಿಲ್ಲ. ಕೊನೆಗೆ ನೋಟೀಸನ್ನು ಅಂಗಿಯ ಕಿಸೆಯಲ್ಲೇ ಉಳಿಸಿಕೊಂಡು ಎದ್ದುಬರುತ್ತಾನೆ. ಸಾಹಿತ್ಯದ ಯೋಚನೆಯೇ ಇಲ್ಲದೆ ಸರಸರ ಬರೆದ ಅಧ್ಯಾಯ ಅದು. ತೀರಾ ಸಪ್ಪೆಯಾಯಿತೆಂದು ತೆಗೆದುಹಾಕುವ ಯೋಚನೆಯಲ್ಲಿದ್ದೆ. ಅಪ್ಪಚ್ಚಿ ಅದನ್ನು ಓದದೆ ದಾಟಿದ್ದಾನೆ ಎಂದುಕೊಂಡೆ.

ಸಂಜೆ ಅವನ ಮನೆಗೇ ಹೋದೆ. ಅಪ್ಪಚ್ಚಿ ಅಂಗಳದಲ್ಲಿ ಹಾಳೆಟೊಪ್ಪಿ ತೆಗೆದಿಟ್ಟು ಕೂತಿದ್ದ. ಕಾದಂಬರಿಯ ಮಾತು ಅವನಾಗಿ ಎತ್ತಲಿಲ್ಲ. ನಾನೇ ಕೇಳಿದ ಮೇಲೆ ಹೇಳಿದ: ‘ಪ್ರಸಂಗ ಒಳ್ಳೇದು. ಆದ್ರೆ ತಮಾ, ರಾಮಂಗೂ ನೀನೇ, ವಾಲಿಗೂ ನೀನೇ, ಸುಗ್ರೀವಂಗೂ ನೀನೇ ಅರ್ಥ ಹೇಳಿದ ಹಾಂಗಾತು. ಕೆಲಸದವನೂ ನಿನ್ನ ಹಾಂಗೇ ಮಾತಾಡ್ತ, ದೊಡ್ಡ ಹೆಗಡೇರೂ ನಿನ್ನ ಹಾಂಗೇ ಮಾತಾಡ್ತ್ರು.’ ಸಮಜಾಯಿಷಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸುಣ್ಣದ ಗುರುತಿಲ್ಲದ ಅಧ್ಯಾಯದ ಮಾತು ಕೇಳಿದೆ. ಅವನು ಸಂಚಿಯ ದಾರ ಬಿಚ್ಚುತ್ತ, ‘ಅಲ್ಲಿ ಕವಳ ಹಾಕೂದೇ ಮರ್ತುಹೋತು’ ಎಂದ. ಆ ಅಧ್ಯಾಯದಲ್ಲಿ ನಾನು ಯಾರಿಗೂ ಅರ್ಥ ಹೇಳಿರಲಿಲ್ಲ. ಆಕೆ ಬಡಿಸಿದ್ದಳು, ಅವನು ಉಂಡಿದ್ದ, ಅಷ್ಟೇ.

ಮಳೆ ಹಿಡಿಯುವ ಮುಂಚೆ ಒಂದು ರಾತ್ರಿ ಗೆಳೆಯ ಬಂದ. ಬಂದವನು ಜಗುಲಿ ಹತ್ತದೆ ಅಂಗಳದಲ್ಲೇ ನಿಂತು, ಹಸ್ತಪ್ರತಿಯನ್ನು ಎರಡು ಕೈಯಲ್ಲಿ ಹಿಡಿದು, ‘ಆ ಅಧ್ಯಾಯ ಯಮ್ಮನೆ ಕಥೆ ಅಲ್ದನ?’ ಎಂದು ಕೇಳಿದ. ಯಾವ ಅಧ್ಯಾಯ ಎಂದು ಕೇಳುವ ಅಗತ್ಯವಿರಲಿಲ್ಲ. ಅವನ ಅಪ್ಪ ಬೇಗ ಹೋದವರು. ವಸೂಲಿಗೆ ಬಂದವರನ್ನು ಅವನ ಆಯಿ ಉಣ್ಣಿಸಿ ಕಳಿಸುತ್ತಿತ್ತಂತೆ. ನಾನು ಬರೆದದ್ದು ಅವನ ಮನೆಯ ಕತೆಯಲ್ಲ. ಅವನ ಮನೆಯಲ್ಲಿ ಹೀಗಿತ್ತೆಂದು ನನಗೆ ಗೊತ್ತೂ ಇರಲಿಲ್ಲ. ಈ ಸೀಮೆಯಲ್ಲಿ ಹಾಗೆ ಉಣ್ಣಿಸಿದ ಮನೆಗಳು ಎಷ್ಟೋ ಇದ್ದಾವು. ಹಾಗೆಂದು ಹೇಳಿದೆ. ಅವನು ನಂಬಲಿಲ್ಲ. ಓದಿದ ಮಾರನೆಯ ವಾರವೇ ಅಡಿಕೆ ಕೊಟ್ಟು ಸಾಲ ತೀರಿಸಿದೆ ಎಂದ. ಅಷ್ಟಾದರೂ ನನ್ನ ಎದುರು ಬರಲು ಮುಖವಿರಲಿಲ್ಲವಂತೆ. ದೊಡ್ಡ ತೊಟ್ಟಿಲಿನಲ್ಲಿ ಅವನು ಸುತ್ತಿದ್ದು ಕಾದಂಬರಿ ಓದಲಿಲ್ಲವೆಂದಲ್ಲ, ಓದಿದ್ದಕ್ಕೆ! ಆ ಫೆಬ್ರವರಿಯ ರಸೀದಿ ನೋಡಿ ಅಧ್ಯಕ್ಷರು ಹೊಗಳಬೇಕಾಗಿದ್ದದ್ದು ನನ್ನ ಅಧ್ಯಾಯವನ್ನು. ನನ್ನ ಕಾದಂಬರಿಯಿಂದ ಈವರೆಗೆ ಆದ ಪ್ರತ್ಯಕ್ಷ ಲಾಭ ಅದೊಂದೇ, ಅದೂ ಸೊಸೈಟಿಗೆ.

ಹೊರಡುವಾಗ ಅವನು ತಿರುಗಿ, ‘ಒಂದೇ ತಪ್ಪು’ ಎಂದ. ‘ಆಯಿ ಬಡಿಸ್ತಿದ್ದದ್ದು ತಂಬುಳಿ ಅಲ್ಲ, ಅಪ್ಪೆಹುಳಿ.’ ಅದು ನಿಮ್ಮನೆಯಲ್ಲ ಮಾರಾಯ ಎಂದು ಮತ್ತೆ ಹೇಳಲು ಹೋಗಲಿಲ್ಲ. ಮಾರನೆಯ ದಿನ ಡಿಟಿಪಿ ಅಂಗಡಿಗೆ ಹೋಗಿ ಅಪ್ಪೆಹುಳಿ ಮಾಡಿಸಿ ಬಂದೆ. ಅದೇ ಕುರ್ಚಿಯಲ್ಲಿ ಕೂತು ಅಜ್ಜಿಯ ಕೈಯಿಂದ ಕಷಾಯದ ಪಾತ್ರೆಯನ್ನೂ ತಪ್ಪಿಸಿದೆ. ಹುಡುಗಿ ಏನೂ ಹೇಳಲಿಲ್ಲ. ಅಜ್ಜಿಯ ಹೆಸರನ್ನು ಇಡೀ ಫೈಲಿನಲ್ಲಿ ಹುಡುಕಿಸಿ, ಇನ್ನೆಲ್ಲೂ ಎದ್ದು ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡಳು.

ಇದಾದ ಮೇಲೆ ನಾನು ಬಾಯಿ ಮುಚ್ಚಿ ಕೇಳಿಸಿಕೊಳ್ಳುವ ವ್ರತ ಹಿಡಿದೆ. ಯಾರು ಏನೇ ಹೇಳಲಿ, ತಲೆಯಾಡಿಸುವುದು, ಚೀಟಿಯ ಮೇಲೆ ಬರೆದುಕೊಳ್ಳುವುದು. ವ್ರತ ಫಲಿಸಲಿಲ್ಲ. ನಾನು ಸುಮ್ಮನಾದಷ್ಟೂ ಹೇಳುವವರಿಗೆ ದಿಗಿಲು. ಸುಮಿತ್ರೆಯ ಪಾತ್ರ ಗಟ್ಟಿಯಿಲ್ಲ ಎಂದು ಶುರುಮಾಡಿದ ಭಾವ, ನನ್ನ ಮೌನ ನೋಡಿ, ‘ಗಟ್ಟಿಯಿಲ್ಲ ಅಂದ್ರೆ ಹಾಗಲ್ಲ, ಚೆನ್ನಾಗೇ ಇದೆ, ಸಿಟ್ಟು ಬಂತಾ?’ ಎಂದು ಎರಡೇ ಮಾತಿನಲ್ಲಿ ಶರಣಾದ. ಇನ್ನೊಬ್ಬರು ಚೀಟಿ ಪೆನ್ನು ಕಂಡೊಡನೆ ಮುನ್ನುಡಿಯ ಭಾಷೆಗೆ ತಿರುಗಿಬಿಟ್ಟರು.

ಅಪ್ಪಚ್ಚಿಗೆ ಹೇಳಿದರೆ ನಕ್ಕ. ‘ರಾಮ ಸುಮ್ಮನೆ ಕೂತ್ರೆ ವಾಲಿ ಎರಡು ಮಾತಿಗೇ ಸಾಯ್ತ. ಆಮೇಲೆ ಪ್ರಸಂಗ ಎಲ್ಲಿದ್ದು? ನೀ ಉತ್ತರ ಕೊಡದು ಗೆಲ್ಲಲೆ ಅಲ್ಲ ತಮಾ. ಎದುರಿನವಂಗೆ ಇನ್ನೊಂದು ಪ್ರಶ್ನೆ ಹುಟ್ಟವು, ಅದಕ್ಕೆ.’ ಒಳ್ಳೆಯ ರಾಮನ ಲಕ್ಷಣ ಅದೇ ಎಂದ. ಬಸ್ಸು ತಪ್ಪಿಸಿಕೊಂಡವನ ಜಾಗದಲ್ಲಿ ಕೂತ ರಾತ್ರಿ ನಾನು ಆಡಿದ ಮಾತೆಲ್ಲ ವಾಲಿಯ ಬಾಯಿ ಮುಚ್ಚಿಸುವುದಕ್ಕೇ ಆಗಿತ್ತು. ಅಂದಿನ ಚಪ್ಪಾಳೆಗೆ ಅಪ್ಪಚ್ಚಿಯ ಕೈ ಸೇರಿರಲಿಲ್ಲ ಎಂಬುದೂ ಈಗ ನೆನಪಾಗುತ್ತಿದೆ.

ಹಾಗಾಗಿ ಈಗ ಸ್ವಲ್ಪ ಸ್ವಲ್ಪ ವಾದಿಸುತ್ತೇನೆ. ಹೇಳುವವರ ಹುರುಪು ಆರದಿರುವಷ್ಟು, ಅವರ ಮನಸ್ಸಿನ ತಳದಲ್ಲಿದ್ದದ್ದು ಸಿಟ್ಟಿನ ಭರದಲ್ಲಾದರೂ ಮೇಲೆ ಬರುವಷ್ಟು. ತಿದ್ದಿದ ಪ್ರತಿಯ ಮೊದಲ ಅಧ್ಯಾಯ ಇವತ್ತು ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಹೋಗಿದೆ. ಮಳೆ ಈಗ ಎರಡೇ ಪುಟ. ಎರಡೂ ಯಾಕೆ ಬೇಕೇ ಬೇಕು ಎಂಬುದಕ್ಕೆ ನನ್ನ ಬಳಿ ಮೂರು ಕಾರಣ ಸಿದ್ಧವಿದೆ. ಅವಳು ನಾಲ್ಕನೆಯದನ್ನು ಕೇಳಿದರೆ ಒಂದು ಪುಟ ಬಿಟ್ಟುಕೊಡುವುದೆಂದು ಮೊದಲೇ ತೀರ್ಮಾನಿಸಿಕೊಂಡಿದ್ದೇನೆ.